ಬೇಡ ಅನ್ನೋ ಟೂಲ್ ಇರಲಿ

ಗಂಗಾವತಿಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತೇನೆ ಅಂದರೆ ಬೆಂಗಳೂರಿನ ಗೆಳೆಯರು ಮೊದಲೆಲ್ಲ ನಗುತ್ತಿದ್ದರು. ಈಗ ನಗುವುದಿಲ್ಲ, ಬೇರೆ ಪ್ರಶ್ನೆ ಕೇಳುತ್ತಾರೆ. "ಎಐ ಬಂದಿದೆಯಲ್ಲೋ, ಇನ್ನು ನಿನಗೇನು ಕೆಲಸ?" ಫೋನಿನಲ್ಲಿ ಉತ್ತರ ಹೇಳಲು ಹೋದರೆ ಅರ್ಧ ಗಂಟೆ ಹಿಡಿಯುತ್ತದೆ. ಅದೂ ಅರ್ಧಂಬರ್ಧ. ಅದಕ್ಕೇ ಇಲ್ಲಿ ಬರೆದುಬಿಡೋಣ ಅನ್ನಿಸಿತು.

ನಮ್ಮದು ಸಣ್ಣ ಆಫೀಸು. ರೈಸ್ ಮಿಲ್‌ಗಳಿಗೆ, ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಭತ್ತ ಬಂದಾಗಿನ ತೂಕ, ರೈತರಿಗೆ ಕೊಡುವ ಪಟ್ಟಿ, ಹಮಾಲಿ, ಅಕ್ಕಿ ಹೋಗುವಾಗಿನ ಬಿಲ್ಲು, ನುಚ್ಚು, ತೌಡು, ಹೊಟ್ಟು ಎಲ್ಲ ಅದರೊಳಗೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮಿಲ್‌ಗಳಿಗೆ ಕೊರತೆ ಇಲ್ಲ. ಹಾಗಾಗಿ ನಮಗೂ ಕೆಲಸಕ್ಕೆ ಕೊರತೆ ಇಲ್ಲ.

ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುವಾಗ ನಮಗೆ 'ಕೇಸ್ ಟೂಲ್ಸ್' ಅಂತ ಒಂದು ಪಾಠ ಇತ್ತು. ಕಂಪ್ಯೂಟರ್ ಏಡೆಡ್ ಸಾಫ್ಟ್‌ವೇರ್ ಇಂಜಿನಿಯರಿಂಗ್. ಅಂದರೆ ಸಾಫ್ಟ್‌ವೇರ್ ಬರೆಯುವವರಿಗೆ ಸಾಫ್ಟ್‌ವೇರಿನದೇ ಸಹಾಯ. ಯೋಜನೆ, ವಿನ್ಯಾಸದ ಹಂತಕ್ಕೆ ಒದಗುವುದು ಅಪ್ಪರ್ ಕೇಸ್. ಕೋಡ್ ಬರೆದು ಪರೀಕ್ಷೆ ಮಾಡುವ ಹಂತಕ್ಕೆ ಲೋಯರ್ ಕೇಸ್. ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯಿರಿ ಅಂತ ಕೇಳುತ್ತಿದ್ದರು, ಬರೆದು ಮರೆತುಬಿಟ್ಟೆವು. ಆ ಪಾಠದ ಹಿಂದೆ ಎಷ್ಟು ದೊಡ್ಡ ಕನಸಿತ್ತು, ಅದು ಹೇಗೆ ಬಿತ್ತು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಎಐ ಬಗ್ಗೆ ಇವತ್ತು ಕೇಳುವ ಮಾತುಗಳಲ್ಲಿ ಅರ್ಧಕ್ಕರ್ಧ ಆಗಲೇ ಒಮ್ಮೆ ಆಡಿ ಮುಗಿಸಿದ ಮಾತುಗಳು.

1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನೇಟೋ ಒಂದು ಸಮ್ಮೇಳನ ನಡೆಸಿತು. ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳು ಹೇಳಿದ ದಿನಕ್ಕೆ ಮುಗಿಯುತ್ತಿಲ್ಲ, ಹೇಳಿದ ಖರ್ಚಿನಲ್ಲಿ ಆಗುತ್ತಿಲ್ಲ, ಆದಮೇಲೆ ನೆಟ್ಟಗೆ ಓಡುತ್ತಿಲ್ಲ, ಏನು ಮಾಡೋಣ ಅನ್ನುವುದೇ ಅಲ್ಲಿನ ಚರ್ಚೆ. 'ಸಾಫ್ಟ್‌ವೇರ್ ಇಂಜಿನಿಯರಿಂಗ್' ಅನ್ನುವ ಹೆಸರು ಊರೂರಿಗೆ ಹಬ್ಬಿದ್ದು ಅಲ್ಲಿಂದ. ಅದೇ ಕಾಲದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಟೈಕ್ರೋ ಎಂಬ ಪ್ರೊಫೆಸರ್ ಒಂದು ಯೋಚನೆ ಹಿಡಿದುಕೊಂಡಿದ್ದರು. ಗ್ರಾಹಕನಿಗೆ ಏನು ಬೇಕು ಅನ್ನುವುದನ್ನೇ ಒಂದು ಕಟ್ಟುನಿಟ್ಟಾದ ಭಾಷೆಯಲ್ಲಿ ಬರೆದರೆ, ಅದರಲ್ಲಿನ ತಪ್ಪು-ಒಪ್ಪು ಕಂಪ್ಯೂಟರೇ ಹುಡುಕಬಹುದಲ್ಲ ಅಂತ. ಈ ಕಡತ ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳಿಲ್ಲ, ಈ ವರದಿಯನ್ನು ಯಾರೂ ಬಳಸುತ್ತಿಲ್ಲ ಅಂತ ಅದು ತೋರಿಸಿಕೊಡುತ್ತಿತ್ತು. ಆ ಕಾಲಕ್ಕೆ ಭಾರೀ ಯೋಚನೆ ಅದು.

1982ರಲ್ಲಿ ಅದೇ ಮಿಷಿಗನ್ ರಾಜ್ಯದ ನ್ಯಾಸ್ಟೆಕ್ ಎಂಬ ಕಂಪನಿ ಇಂಥ ಟೂಲ್‌ಗಳಿಗೆ 'ಕೇಸ್' ಅನ್ನುವ ಹೆಸರಿಟ್ಟಿತು. ಆಮೇಲೆ ಎಂಬತ್ತರ ದಶಕದ ತುಂಬಾ ಅದೇ ಸುಗ್ಗಿ. ಇಂಡೆಕ್ಸ್ ಟೆಕ್ನಾಲಜಿಯ ಎಕ್ಸೆಲರೇಟರ್ ಬಂತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನವರ ಐಇಎಫ್ ಬಂತು. ಪರದೆಯ ಮೇಲೆ ಚೌಕ, ಗೆರೆ, ಬಾಣ ಎಳೆಯಿರಿ, ಒಂದು ಬಟನ್ ಒತ್ತಿ, ಕೋಬಾಲ್ ಎಂಬ ಭಾಷೆಯ ಕೋಡ್ ತಾನೇ ಬರುತ್ತದೆ ಅನ್ನುವ ಮಾತು. 1989ರಲ್ಲಿ ಐಬಿಎಂ 'ಎಡಿ ಸೈಕಲ್' ಅಂತ ಒಂದು ಮಹಾಯೋಜನೆ ಪ್ರಕಟಿಸಿತು. ಎಲ್ಲ ಕಂಪನಿಗಳ ಟೂಲ್‌ಗಳೂ ಒಂದೇ ಕಣಜಕ್ಕೆ ಮಾಹಿತಿ ತುಂಬುವುದು, ಅಲ್ಲಿಂದಲೇ ತೆಗೆಯುವುದು. ಕೆಲವೇ ವರ್ಷಗಳಲ್ಲಿ ಅದು ಕುಸಿಯಿತು. ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳು ಹಿಂದೆ ಸರಿದು ಪಿಸಿಗಳು ಮುಂದೆ ಬಂದದ್ದು ಒಂದು ಕಾರಣ.

ಇನ್ನೊಂದು ಕಾರಣ ನಮ್ಮಂಥ ಸಣ್ಣ ಆಫೀಸಿನವರಿಗೂ ಗೊತ್ತಿರುವಂಥದು. ಚಿತ್ರ ಒಂದು ಕಡೆ, ಕೋಡ್ ಒಂದು ಕಡೆ ಆಗಿಬಿಡುತ್ತದೆ. ರಾತ್ರಿ ಹತ್ತಕ್ಕೆ ಮಿಲ್‌ನಿಂದ ಫೋನ್ ಬಂದು, ಲಾರಿ ನಿಂತಿದೆ, ಬಿಲ್ ಬರುತ್ತಿಲ್ಲ ಅಂದರೆ ಯಾರಾದರೂ ಮೊದಲು ಚಿತ್ರ ತಿದ್ದಿ ಆಮೇಲೆ ಕೋಡ್‌ಗೆ ಹೋಗುತ್ತಾರಾ? ನೇರ ಕೋಡ್‌ಗೇ ಕೈ ಹಾಕುತ್ತಾರೆ. ಚಿತ್ರ ಅಲ್ಲೇ ಉಳಿಯುತ್ತದೆ. ವರ್ಷ ಕಳೆದರೆ ಅದು ಸುಳ್ಳು ಹೇಳಲು ಶುರು ಮಾಡುತ್ತದೆ. ಅದು ಸುಳ್ಳು ಅಂತ ಹೇಳುವವರು ಯಾರೂ ಇರುವುದಿಲ್ಲ.

ಹಾಗಂತ ಚಿತ್ರವೇ ದಂಡ ಅಂತ ನಾನು ಹೇಳುವುದಿಲ್ಲ. ಹೊಸ ಮಿಲ್‌ಗೆ ಹೋದಾಗ ತೂಕದ ಚೀಟಿಯ ಹಿಂಬದಿಗೇ ಚೌಕ, ಬಾಣ ಎಳೆದು ಗುಮಾಸ್ತರ ಮುಂದೆ ಇಡುತ್ತೇನೆ. ಗುಮಾಸ್ತರಿಗೆ ಕೋಡ್ ಓದಲು ಬರುವುದಿಲ್ಲ, ಬಾಣ ಓದಲು ಬರುತ್ತದೆ. "ಈ ಗೆರೆ ಹಿಂಗ್ ಹೋಗಂಗಿಲ್ರೀ. ಮೊದ್ಲ ತೇವ ನೋಡ್ತಾರ, ಆಮ್ಯಾಲೆ ರೇಟು" ಅಂತ ಪೆನ್ನು ಕಿತ್ತುಕೊಂಡು ತಾವೇ ತಿದ್ದುತ್ತಾರೆ. ಚಿತ್ರದ ಕೆಲಸ ಅಲ್ಲಿಗೆ ಮುಗಿಯಿತು. ಅದನ್ನು ಕಾಪಾಡಿ ಇಡಲು ಹೋಗುವುದಿಲ್ಲ. ಕೇಸ್ ಟೂಲ್‌ನವರು ಈ ಚೀಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅದರಿಂದಲೇ ಮಿಲ್ ನಡೆಸಲು ಹೊರಟರು ಅಂತ ನನಗೆ ಅನ್ನಿಸುತ್ತದೆ.

ಕೇಸ್ ಸುಗ್ಗಿಗೂ ಮೊದಲೇ, ಎಪ್ಪತ್ತರ ದಶಕದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ, ಯಾವ ದೊಡ್ಡ ಹೆಸರೂ ಇಲ್ಲದ ಸಣ್ಣ ಸಣ್ಣ ಟೂಲ್‌ಗಳು ಹುಟ್ಟುತ್ತಿದ್ದವು. 1972ರಲ್ಲಿ ಮಾರ್ಕ್ ರೋಚ್‌ಕೈಂಡ್ ಕೋಡಿನ ಹಳೆಯ ಆವೃತ್ತಿಗಳನ್ನು ಕಾಪಾಡುವ ಎಸ್‌ಸಿಸಿಎಸ್ ಬರೆದರು. ಎರಡು ಕಡತಗಳ ವ್ಯತ್ಯಾಸ ತೋರಿಸುವ ಡಿಫ್ ಬಂತು. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಬಂತು. ಮೇಕ್ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಸ್ಟೀವ್ ಜಾನ್ಸನ್ ಎಂಬ ಸಹೋದ್ಯೋಗಿ ಒಂದು ದಿನ ಬೈಯುತ್ತಾ ಫೆಲ್ಡ್‌ಮನ್ ಕೋಣೆಗೆ ಬಂದರಂತೆ. ಇಡೀ ಬೆಳಗ್ಗೆ ಒಂದು ದೋಷ ಹುಡುಕುತ್ತಾ ಕೂತಿದ್ದರು. ದೋಷ ಮೊದಲೇ ಸರಿಮಾಡಿ ಆಗಿತ್ತು. ಸರಿಮಾಡಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ತಂದಿರಲಿಲ್ಲ, ಅಷ್ಟೇ. ಯಾವುದು ಬದಲಾಗಿದೆ, ಯಾವುದನ್ನು ಮತ್ತೆ ಕಟ್ಟಬೇಕು ಅಂತ ಲೆಕ್ಕ ಇಡುವ ಕೆಲಸ ಮನುಷ್ಯನದಲ್ಲ ಅಂತ ಫೆಲ್ಡ್‌ಮನ್ ಮೇಕ್ ಬರೆದರು. ಅದು ಇವತ್ತಿಗೂ ಓಡುತ್ತಿದೆ. (ಮೇಕ್ ಕಡತದಲ್ಲಿ ಸಾಲಿನ ಮೊದಲಿಗೆ ಟ್ಯಾಬ್ ಬದಲು ಸ್ಪೇಸ್ ಒತ್ತಿ ಬೈಸಿಕೊಂಡವರಿಗೆ ಒಂದು ಮಾತು. ಆ ನಿಯಮ ಸರಿಯಿಲ್ಲ ಅಂತ ಫೆಲ್ಡ್‌ಮನ್‌ಗೂ ಬೇಗನೇ ಗೊತ್ತಾಗಿತ್ತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸಲು ಶುರು ಮಾಡಿದ್ದರು, ಅವರಿಗೆ ತೊಂದರೆ ಬೇಡ ಅಂತ ಹಾಗೇ ಬಿಟ್ಟರು. ಈಗ ಪ್ರಪಂಚವೆಲ್ಲ ಅನುಭವಿಸುತ್ತಿದೆ.)

ಆ ಬೈದುಕೊಂಡು ಬಂದ ಜಾನ್ಸನ್ 1978ರಲ್ಲಿ ತಾವೂ ಒಂದು ಟೂಲ್ ಬರೆದರು. ಅದರ ಹೆಸರು ಲಿಂಟ್. ಸಿ ಭಾಷೆಯ ಕೋಡನ್ನು ಓದಿ, ಕಂಪೈಲರ್ ಸುಮ್ಮನೆ ಬಿಟ್ಟುಬಿಡುವ ಅನುಮಾನದ ಜಾಗಗಳನ್ನೆಲ್ಲ ಎತ್ತಿ ತೋರಿಸುವುದು ಅದರ ಕೆಲಸ. ಅದು ನಿಮಗೆ ಒಂದು ಸಾಲನ್ನೂ ಬರೆದುಕೊಡುವುದಿಲ್ಲ. ಬರೀ ತಕರಾರು.

ಈ ಬ್ಲಾಗಿನಲ್ಲಿ ನಾನು ಹೇಳಬೇಕಾದದ್ದು ಇದೇ ಜಾಗದಲ್ಲಿದೆ. ಇಷ್ಟು ವರ್ಷದಲ್ಲಿ ನನಗೆ ಉಪಯೋಗಕ್ಕೆ ಬಂದ ಟೂಲ್‌ಗಳೆಲ್ಲ ತಕರಾರು ಮಾಡುವ ಜಾತಿಯವು. ಬರೆದುಕೊಡುತ್ತೇನೆ ಅಂದ ಟೂಲ್‌ಗಳು ಬಂದವು, ಹೋದವು. 'ಬೇಡ, ಒಂದು ನಿಮಿಷ ನಿಲ್ಲು' ಅಂದ ಟೂಲ್‌ಗಳು ಉಳಿದವು.

ಚೀಲದ ಲೆಕ್ಕವನ್ನೇ ನೋಡಿ. ನಮ್ಮ ಕಡೆ ಭತ್ತದ ರೇಟು ಹೇಳುವುದು 75 ಕೆಜಿ ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. ವೇ ಬ್ರಿಡ್ಜ್ ತೋರಿಸುವುದು ಕೆಜಿ. ಒಂದೇ ಭತ್ತಕ್ಕೆ ಮೂರು ಅಳತೆ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಕಾರಟಗಿಯ ಒಬ್ಬ ಹಿರಿಯ ಗುಮಾಸ್ತರು ಹೇಳಿದ್ದರು, "ಕ್ವಿಂಟಲ್ ಗಿಂಟಲ್ ಎಲ್ಲ ಸರಕಾರದ ಲೆಕ್ಕ ತಮ್ಮಾ. ನಮ್ದು ಚೀಲದ ಲೆಕ್ಕ." ಅವರ ತಲೆಯಲ್ಲಿ ಯಾವ ಗೊಂದಲವೂ ಇಲ್ಲ. ಸಂಖ್ಯೆ ಕೇಳಿದ ಕೂಡಲೇ ಅದು ಚೀಲದ ರೇಟೋ ಕ್ವಿಂಟಲ್ ರೇಟೋ ಅಂತ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಹಾಗಲ್ಲ, ಅದಕ್ಕೆ 1725 ಅಂದರೆ ಬರೀ 1725.

2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2300 ರೂಪಾಯಿ ಇತ್ತು. 75 ಕೆಜಿ ಚೀಲದ ಲೆಕ್ಕಕ್ಕೆ ತಂದರೆ 1725. ಈ 1725ನ್ನು ಯಾವುದೋ ಮೂಲೆಯ ಕೋಡ್ ಕ್ವಿಂಟಲ್ ರೇಟು ಅಂತ ತಿಳಿದುಕೊಂಡರೆ ರೈತನಿಗೆ ಕ್ವಿಂಟಲ್‌ಗೆ 575 ರೂಪಾಯಿ ಕಡಿಮೆ ಬೀಳುತ್ತದೆ. ನೂರು ಕ್ವಿಂಟಲ್ ಲೋಡಿಗೆ 57,500. ಎರಡೂ ಸಂಖ್ಯೆ ನೋಡಲು ಸಹಜವಾಗೇ ಇರುವುದರಿಂದ ಕಣ್ಣಿಗೆ ಕೂಡಲೇ ಹೊಡೆಯುವುದಿಲ್ಲ. ಅದೇ ಭಯ.

ಇದು ಹಳ್ಳಿಯ ಸಮಸ್ಯೆ ಅಂದುಕೊಳ್ಳಬೇಡಿ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಡುತ್ತಿತ್ತು, ತೆಗೆದುಕೊಳ್ಳುವ ಸಾಫ್ಟ್‌ವೇರ್ ಅದನ್ನು ನ್ಯೂಟನ್ ಅಂತ ಓದುತ್ತಿತ್ತು. ಅಂತರ ನಾಲ್ಕೂವರೆ ಪಟ್ಟಿನಷ್ಟು. ಅಲ್ಲೂ ಸಂಖ್ಯೆಗಳು ಸಂಖ್ಯೆಗಳಂತೆಯೇ ಕಾಣುತ್ತಿದ್ದವು.

ಇದಕ್ಕೆ ಮದ್ದು ಬಹಳ ಸರಳ. ಚೀಲದ ರೇಟು ಒಂದು ಜಾತಿ, ಕ್ವಿಂಟಲ್ ರೇಟು ಇನ್ನೊಂದು ಜಾತಿ ಅಂತ ಕೋಡಿನಲ್ಲೇ ಬೇರೆ ಬೇರೆ ಟೈಪ್ (ದತ್ತಾಂಶದ ಬಗೆ) ಮಾಡಿಡುವುದು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕಂಪೈಲರ್ ಅಲ್ಲೇ ಕೆಂಪು ಗೆರೆ ಎಳೆದು ನಿಲ್ಲಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪರಿವರ್ತನೆಯ ಒಂದೇ ಬಾಗಿಲು. ಎಫ್ ಶಾರ್ಪ್‌ನಂಥ ಭಾಷೆಯಲ್ಲಿ ಅಳತೆಯ ಮಾನಗಳನ್ನು ಭಾಷೆಯೇ ಅರ್ಥ ಮಾಡಿಕೊಳ್ಳುತ್ತದೆ. ನಾವು ಬಳಸುವ ಭಾಷೆಯಲ್ಲಿ ಆ ಸೌಲಭ್ಯ ಇಲ್ಲ, ಕೈಯಾರೆ ಮಾಡಿಕೊಂಡೆವು. ಶುರುವಿನಲ್ಲಿ ಹುಡುಗರಿಗೆ ಇದು ಕಿರಿಕಿರಿ. ಸುಮ್ನೆ ಒಂದು ಸಂಖ್ಯೆ ಕಳಿಸೋಕೆ ಇಷ್ಟು ಬರೀಬೇಕಾ ಸರ್ ಅಂತ ಮುಖ ಸಪ್ಪಗೆ ಮಾಡುತ್ತಿದ್ದರು. ಕಿರಿಕಿರಿ ಆಗಲಿ ಅಂತಲೇ ಮಾಡಿದ್ದು.

ಕಂಪೈಲರ್ ಹಿಡಿಯದ ತಪ್ಪುಗಳೂ ಇವೆಯಲ್ಲ. ಅವಕ್ಕೆ ಟೆಸ್ಟ್. ಇದರ ಬೆಲೆ ನಮ್ಮ ಆಫೀಸಿಗೆ ಪೂರ್ತಿ ತಿಳಿದದ್ದು 2022ರ ಜುಲೈನಲ್ಲಿ. ಅಲ್ಲಿಯವರೆಗೆ ಅಕ್ಕಿಗೆ ಜಿಎಸ್‌ಟಿ ಬೀಳುತ್ತದಾ ಇಲ್ಲವಾ ಅನ್ನುವುದು ಮುಖ್ಯವಾಗಿ ಬ್ರ್ಯಾಂಡ್ ಮೇಲೆ ನಿಂತಿತ್ತು. ಜುಲೈ 18ರಿಂದ ನಿಯಮ ಬದಲಾಯಿತು. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕೆಜಿವರೆಗಿನ ಚೀಲಕ್ಕೆ ಶೇ 5 ತೆರಿಗೆ. ಅದಕ್ಕಿಂತ ಜಾಸ್ತಿ ತೂಕದ್ದಾದರೆ ಇಲ್ಲ. ನಮ್ಮ ಜನ ಸುಮ್ಮನಿರುತ್ತಾರಾ? ನೋಡನೋಡುತ್ತಿದ್ದಂತೆ ಮಾರುಕಟ್ಟೆಯಲ್ಲಿ 26 ಕೆಜಿ ಚೀಲ ಬಂತು. ನಿಮ್ಮ ಮನೆಗೆ ಬರುವ ಅಕ್ಕಿ ಚೀಲದ ಮೇಲೆ 26 ಅಂತ ಯಾಕಿದೆ ಅಂತ ಯೋಚಿಸಿದ್ದರೆ, ಇದೇ ಕಾರಣ.

ಹೊರಗಿನಿಂದ ನೋಡಿದರೆ ಕೋಡಿನಲ್ಲಿ ಒಂದು ಸಾಲಿನ ಬದಲಾವಣೆ. ಒಳಗೆ ಹೊಕ್ಕರೆ ಹಾಗಿಲ್ಲ. ತೆರಿಗೆ ಇದ್ದರೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಕು, ಇಲ್ಲದಿದ್ದರೆ ಬಿಲ್ ಆಫ್ ಸಪ್ಲೈ. ಮೊದಲನೆಯದಕ್ಕೆ ವಹಿವಾಟಿನ ಗಾತ್ರ ನೋಡಿ ಇ-ಇನ್‌ವಾಯ್ಸ್ ಬೇಕಾಗಬಹುದು, ಎರಡನೆಯದಕ್ಕೆ ಬೇಡ. ಸರಿಯಾಗಿ 25 ಕೆಜಿ ಇದ್ದರೆ? ತೆರಿಗೆ ಇದೆ. ಹತ್ತತ್ತು ಕೆಜಿಯ ಹತ್ತು ಸಣ್ಣ ಪ್ಯಾಕೆಟ್ ಒಂದೇ ದೊಡ್ಡ ಚೀಲದಲ್ಲಿ ಹಾಕಿದರೆ? ದೊಡ್ಡ ಚೀಲ ನೂರು ಕೆಜಿ ಆದರೂ ತೆರಿಗೆ ಇದೆ, ಯಾಕೆಂದರೆ ಒಳಗಿರುವುದು ಚಿಲ್ಲರೆ ಮಾರಾಟದ ಪ್ಯಾಕೆಟ್. ಒಂದೇ ಲಾರಿಯಲ್ಲಿ 25ರದೂ 26ರದೂ ಹೋದರೆ? ಕೊಳ್ಳುವವರು ಜಿಎಸ್‌ಟಿ ನೋಂದಣಿ ಇಲ್ಲದವರಾದರೆ ಎರಡನ್ನೂ ಸೇರಿಸಿ ಒಂದೇ ಬಿಲ್ ಕೊಡಲು ನಿಯಮದಲ್ಲಿ ಅವಕಾಶ ಇದೆ. ನೋಂದಣಿ ಇರುವವರಾದರೆ ನಾವು ಬೇರೆ ಬೇರೆ ಬಿಲ್ಲನ್ನೇ ತೆಗೆಯುತ್ತೇವೆ.

ಈ ಪ್ರಶ್ನೆಗಳಲ್ಲಿ ಅರ್ಧ ನನಗೆ ಹೊಳೆದವು, ಉಳಿದರ್ಧ ಗುಮಾಸ್ತರಿಂದ, ಆಡಿಟರಿಂದ ಬಂದವು. ಎಲ್ಲವನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡೆವು. ಎಡಗಡೆ ಯಾವ ಚೀಲ, ಯಾರಿಗೆ. ಬಲಗಡೆ ಯಾವ ಬಿಲ್ಲು, ಎಷ್ಟು ತೆರಿಗೆ. ಆ ಹಾಳೆಯೇ ಟೆಸ್ಟ್ ಆಯಿತು. ಕೋಡಿನ ಯಾವುದೇ ಮೂಲೆ ಮುಟ್ಟಿದರೂ ಕಂಪ್ಯೂಟರ್ ಮೊದಲು ಆ ಹಾಳೆಯ ಎಲ್ಲ ಸಾಲುಗಳನ್ನೂ ಓಡಿಸಿ ನೋಡುತ್ತದೆ. ಒಂದು ಸಾಲು ತಪ್ಪಿದರೂ ಹೊಸ ಆವೃತ್ತಿ ಮಿಲ್‌ಗೆ ಹೋಗುವುದಿಲ್ಲ. ಇಷ್ಟೇ ಯಂತ್ರ. ನಾನು ಕಂಡ ಕಂಪ್ಯೂಟರ್ ಸಹಾಯಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಗಿಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಸಾಫ್ಟ್‌ವೇರಿನವರಿಗೆಲ್ಲ ಗೊತ್ತಿರುವುದೇ. ಎಸ್‌ಸಿಸಿಎಸ್‌ನಂತೆ ಕೋಡಿನ ಹಳೆಯ ಆವೃತ್ತಿಗಳನ್ನು ಕಾಪಾಡುವ ಟೂಲ್ ಅದು. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕೆಲಸಕ್ಕೆಂದು ಬರೆದದ್ದು. ನೆಟ್ ಇಲ್ಲದಿದ್ದರೂ ಇಡೀ ಇತಿಹಾಸ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ ಅನ್ನುವುದು ಅದರ ಗುಣ. ಮಿಲ್‌ಗಳ ತೂಕದ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ, ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಸಿಗುವ ಜಾಗದಲ್ಲಿ, ಅದು ಎಷ್ಟು ದೊಡ್ಡ ಉಪಕಾರ ಅಂತ ಬೇರೆ ಹೇಳಬೇಕಿಲ್ಲ.

ಟೂಲ್‌ಗಳು ಸುಮ್ಮನಿದ್ದುಬಿಡುವ ಒಂದು ಜಾಗ ಹೇಳಲೇಬೇಕು. ಅದು ಕನ್ನಡ. ಬಿಲ್ಲಿನಲ್ಲಿ ರೈತರ ಹೆಸರು, ಊರು ಕನ್ನಡದಲ್ಲೇ ಬೇಕು ಅಂತ ಮಿಲ್‌ನವರು ಕೇಳುತ್ತಾರೆ. ನ್ಯಾಯವೇ. 'ಗಂಗಾವತಿ' ಅಂದರೆ ನಾವು ಓದುವುದು ನಾಲ್ಕು ಅಕ್ಷರ. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿ) ಲೆಕ್ಕದಲ್ಲಿ ಅದು ಏಳು ಸಂಕೇತ, ಯುಟಿಎಫ್-8 ಎಂಬ ರೂಪದಲ್ಲಿ ಉಳಿಸಿದರೆ 21 ಬೈಟ್. 'ಕೊಪ್ಪಳ' ಓದಲು ಮೂರು, ಸಂಕೇತ ಆರು, ಬೈಟ್ 18. ಈಗ ಬಿಲ್ಲಿನ ಕಾಲಮ್ ಹತ್ತು ಅಕ್ಷರದ್ದು ಅಂತ ಹತ್ತನೆಯ ಸಂಕೇತಕ್ಕೆ ಕತ್ತರಿಸಿದರೆ ಏನಾಗುತ್ತದೆ? ಒತ್ತಕ್ಷರದ ನಡುವೆ ಕತ್ತರಿ ಬಿದ್ದು, ಹೆಸರಿನ ಕೊನೆಗೆ ಒಂದು ಅರ್ಧ ವ್ಯಂಜನ ನೇತಾಡುತ್ತದೆ. ಇಂಗ್ಲಿಷಿನಲ್ಲಿ ಕತ್ತರಿಸಿದರೆ ಹೆಸರು ಮೊಟಕಾಗುತ್ತದೆ, ಕನ್ನಡದಲ್ಲಿ ಹೆಸರೇ ಬೇರೆ ಆಗುತ್ತದೆ. ನಾವು ಬಳಸುವ ಯಾವ ಲಿಂಟ್ ಟೂಲ್ ಕೂಡ ಇದಕ್ಕೆ ತಕರಾರು ಮಾಡಲಿಲ್ಲ.

ಇನ್ನು ಹಳೆಯ ದಾಖಲೆಗಳು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟವು. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುವುದು. ಅದನ್ನು ಎಡಿಟರ್‌ನಲ್ಲಿ ತೆರೆದರೆ ಕಸ ಕಂಡಂತೆ ಕಾಣುತ್ತದೆ. ಹೊಸ ಪಟ್ಟಿಯಲ್ಲಿ ಯೂನಿಕೋಡ್, ಹಳೆಯ ಪಟ್ಟಿಯಲ್ಲಿ ಇದು. ಒಬ್ಬನೇ ರೈತ ಎರಡು ಹೆಸರಾಗಿ ಕೂತಿರುತ್ತಾನೆ. ಇದಕ್ಕೆ ನಾವೇ ಒಂದು ಸಣ್ಣ ತಪಾಸಣೆ ಬರೆದುಕೊಂಡೆವು. ಕನ್ನಡ ಇರಬೇಕಾದ ಕಾಲಮ್‌ನಲ್ಲಿ ಕನ್ನಡದ ಯೂನಿಕೋಡ್ ಸಂಕೇತ ಬಿಟ್ಟು ಬೇರೆ ಬಂದರೆ ಅದು ಕೂಗುತ್ತದೆ. ಅಕ್ಷರದ ನಡುವೆ ಕತ್ತರಿಸಿದರೂ ಕೂಗುತ್ತದೆ. ಇಂಥವು ಅಂಗಡಿಯಲ್ಲಿ ಸಿಗುವುದಿಲ್ಲ, ನಮ್ಮ ಕೆಲಸಕ್ಕೆ ತಕ್ಕಂತೆ ನಾವೇ ಮಾಡಿಕೊಳ್ಳಬೇಕು.

ಈಗ ಗೆಳೆಯರ ಪ್ರಶ್ನೆಗೆ ಬರೋಣ.

2021ರ ಜೂನ್‌ನಲ್ಲಿ ಕೋಡ್ ಬರೆದುಕೊಡುವ ಎಐ ಟೂಲ್ ಗಿಟ್‌ಹಬ್ ಕೋಪೈಲಟ್‌ನ ಮೊದಲ ಪ್ರಯೋಗ ಬಂತು. ಮರುವರ್ಷ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ. ಅಲ್ಲಿಂದ ಮುಂದೆ ನಿಂತದ್ದಿಲ್ಲ. ನಾವೂ ಬಳಸುತ್ತೇವೆ, ಮುಚ್ಚುಮರೆ ಇಲ್ಲ. ರಿಪೋರ್ಟ್ ಪುಟ ಕಟ್ಟುವುದು, ಹಳೆಯ ಕೋಡ್ ಏನು ಹೇಳುತ್ತಿದೆ ಅಂತ ಬಿಡಿಸಿ ತಿಳಿಯುವುದು, ಎಕ್ಸೆಲ್‌ನಿಂದ ದತ್ತಾಂಶ ಎತ್ತುವುದು, ಇಂಥ ಕೆಲಸ ಅದು ಚಕಚಕ ಮಾಡುತ್ತದೆ. ಎಂಬತ್ತರ ದಶಕದ ಕೇಸ್ ಟೂಲ್‌ಗಳು ಹೇಳಿ ಮಾಡದೆ ಹೋದದ್ದನ್ನು ಇದು ನಿಜಕ್ಕೂ ಮಾಡುತ್ತದೆ. ಆಗಿನವರು ಕೋಡ್ ಬರುವ ಮೊದಲು ಚೌಕ, ಬಾಣ ಕಲಿಯಿರಿ ಅಂದರು. ಇದು ಕನ್ನಡದಲ್ಲಿ ಹೇಳಿದರೂ ಕೇಳುತ್ತದೆ.

ಆದರೆ ಇದು ಬೇಡ ಅನ್ನುವುದಿಲ್ಲ. ನನಗೆ ಅನುಮಾನ ಇರುವುದು ಅಲ್ಲೇ. ಏನು ಕೇಳಿದರೂ ಆಯಿತು ಅನ್ನುತ್ತದೆ. ಅರ್ಧ ಮಾತು ಹೇಳಿದರೆ ಉಳಿದರ್ಧ ತಾನೇ ಊಹಿಸಿಕೊಳ್ಳುತ್ತದೆ. ಊಹಿಸಿದ್ದನ್ನು ಊಹೆ ಅಂತ ಎಲ್ಲ ಸಲವೂ ಹೇಳುವುದಿಲ್ಲ. ಒಂದು ಎಐ ಸಹಾಯಕಕ್ಕೆ ಅಕ್ಕಿಯ ಬಿಲ್ಲಿನ ತೆರಿಗೆ ಭಾಗ ಬರೆಯಲು ಕೊಟ್ಟು ನೋಡಿದೆ. ಬೇಕಂತಲೇ ನಿಯಮ ಹೇಳಲಿಲ್ಲ. ಅಚ್ಚುಕಟ್ಟಾದ ಕೋಡ್ ಕೊಟ್ಟಿತು, ಬ್ರ್ಯಾಂಡ್ ಇದ್ದರೆ ತೆರಿಗೆ, ಇಲ್ಲದಿದ್ದರೆ ಇಲ್ಲ ಅಂತ. 2022ರ ಜುಲೈಗೆ ಮೊದಲಿನ ನಿಯಮ. ಟೆಸ್ಟ್ ಕೂಡ ಬರೆ ಅಂದೆ. ಬರೆಯಿತು. ಎಲ್ಲ ಟೆಸ್ಟ್‌ಗಳೂ ಹಸಿರು, ಅಂದರೆ ಪಾಸು. ಯಾಕಾಗುವುದಿಲ್ಲ? ಕೋಡಿನಲ್ಲಿದ್ದ ತಪ್ಪು ತಿಳಿವಳಿಕೆಯೇ ಟೆಸ್ಟಿನಲ್ಲೂ ಇತ್ತು.

ಮಿಲ್‌ಗೆ ಬಂದ ಲಾರಿಯನ್ನು ಎರಡು ಸಲ ತೂಗುತ್ತಾರೆ. ಲೋಡ್ ಇದ್ದಾಗ ಒಮ್ಮೆ, ಇಳಿಸಿ ಖಾಲಿಯಾದಮೇಲೆ ಒಮ್ಮೆ. ಕಳೆದು ಬಂದದ್ದೇ ಮಾಲಿನ ತೂಕ. ಎರಡನೆಯ ಸಲ ಲಾರಿಯನ್ನು ಕಾಟಾದ ಮೇಲೆ ಹತ್ತಿಸದೆ, ಮೊದಲ ತೂಕ ನೋಡಿಕೊಂಡು ಖಾಲಿ ತೂಕ ಇಷ್ಟಿರಬಹುದು ಅಂತ ಬರೆದರೆ ಚೀಟಿ ಏನೋ ಪೂರ್ತಿ ತುಂಬಿರುತ್ತದೆ. ಒಂದೇ ಕಡೆಯಿಂದ ಕೋಡೂ ಟೆಸ್ಟೂ ಬಂದರೆ ಆಗುವುದು ಅದೇ.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಲ್ಲೇ ಹೇಳಿದ್ದರು. ಸಾಫ್ಟ್‌ವೇರಿನಲ್ಲಿ ಎರಡು ಬಗೆಯ ಕಷ್ಟ ಇದೆ. ಒಂದು, ಬರೆಯುವ ಕಷ್ಟ. ಅದನ್ನು ಟೂಲ್‌ಗಳು ಕಡಿಮೆ ಮಾಡುತ್ತಾ ಬಂದಿವೆ. ಇನ್ನೊಂದು, ಏನು ಬರೆಯಬೇಕು ಅನ್ನುವುದರ ಕಷ್ಟ. ಅದು ವಿಷಯದಲ್ಲೇ ಹುದುಗಿದೆ, ಟೂಲಿನಿಂದ ಕರಗುವುದಿಲ್ಲ. ಹತ್ತು ವರ್ಷದಲ್ಲಿ ಹತ್ತು ಪಟ್ಟು ಲಾಭ ಕೊಡುವ ಒಂದೇ ಒಂದು ಮದ್ದು ಬರುವುದಿಲ್ಲ ಅಂದರು. ಅದಕ್ಕೂ ಐದು ವರ್ಷ ಮೊದಲು, 1981ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಸಾಫ್ಟ್‌ವೇರ್ ಮಾರಾಟಕ್ಕೆ ಬಂದಿತ್ತು. ಪ್ರಶ್ನೆ ಕೇಳಿ ಪ್ರೋಗ್ರಾಂ ತಾನೇ ಬರೆಯುತ್ತಿತ್ತು. ಇನ್ನು ಮುಂದೆ ಯಾರೂ ಪ್ರೋಗ್ರಾಂ ಬರೆಯಬೇಕಿಲ್ಲ ಅಂತ ಅದಕ್ಕೆ 'ದಿ ಲಾಸ್ಟ್ ಒನ್' ಅಂತ ಹೆಸರಿಟ್ಟಿದ್ದರು. ಇನ್ನೂ ಹಿಂದೆ ಹೋದರೆ, 1957ರಲ್ಲಿ ಫೋರ್ಟ್ರಾನ್ ಎಂಬ ಭಾಷೆ ಬಂದ ಕಾಲಕ್ಕೆ ಕಂಪೈಲರ್‌ನಂಥ ಸೌಲಭ್ಯಗಳನ್ನೇ ಜನ 'ಆಟೊಮ್ಯಾಟಿಕ್ ಪ್ರೋಗ್ರಾಮಿಂಗ್' ಅಂತ ಕರೆಯುತ್ತಿದ್ದರು. ಕಂಪೈಲರ್ ಆ ಹೆಸರನ್ನು ಉಳಿಸಿಕೊಂಡಿತು ಅಂತಲೇ ಹೇಳಬೇಕು. ಅದು ಬರೆಯುತ್ತದೆ, ಬೇಡ ಅಂತಲೂ ಹೇಳುತ್ತದೆ.

ಎಐ ಬಗ್ಗೆ ನಾನು ಇಷ್ಟು ಮಾತಾಡಿದರೂ ನಮ್ಮ ಆಫೀಸಿನ ಹುಡುಗನೊಬ್ಬ ಒಪ್ಪುವುದಿಲ್ಲ. ಕೊಪ್ಪಳದ ಕಡೆಯವನು, ಚುರುಕು, ನನಗಿಂತ ಎಐ ಚೆನ್ನಾಗಿ ಬಳಸುತ್ತಾನೆ. "ಸರ್, ಅದು ಬೇಡ ಅನ್ನಂಗಿಲ್ಲ ಅಂತೀರಿ. ನೀವು ಬೇಡ ಅನ್ನು ಅಂತ ಹೇಳೀರಿ ಏನು?" ಅಂದ. ಅವನು ಮಾಡುವುದು ಹೀಗೆ. ಕೋಡ್ ಬರೆಸುವ ಮೊದಲು, ನಿನಗೆ ಗೊತ್ತಿಲ್ಲದ್ದನ್ನೆಲ್ಲ ನನ್ನನ್ನು ಕೇಳು, ಊಹೆ ಮಾಡಬೇಡ ಅನ್ನುತ್ತಾನೆ. ಅದು ಹತ್ತಾರು ಪ್ರಶ್ನೆ ಕೇಳುತ್ತದೆ. ತೇವಾಂಶದ ಕಡಿತ ಮೊದಲೋ ಚೀಲದ ತೂಕದ ಕಡಿತ ಮೊದಲೋ ಅಂತ ಒಮ್ಮೆ ಕೇಳಿತ್ತು, ಒಳ್ಳೆಯ ಪ್ರಶ್ನೆ. ಬರೆಯುವುದಕ್ಕೆ ಒಂದು ಎಐ, ಅದರಲ್ಲಿ ತಪ್ಪು ಹುಡುಕುವುದಕ್ಕೆ ಇನ್ನೊಂದು ಕಂಪನಿಯ ಎಐ ಇಟ್ಟುಕೊಂಡಿದ್ದಾನೆ. ಅದೂ ಸುಮಾರು ಹಿಡಿಯುತ್ತದೆ.

ಅವನ ಮಾತಿನಲ್ಲಿ ಹುರುಳಿದೆ. ನನ್ನ ತಕರಾರು ಒಂದೇ. ಆ ಎರಡೂ ಎಐಗಳು ಓದಿ ಬೆಳೆದದ್ದು ಹೆಚ್ಚುಕಡಿಮೆ ಒಂದೇ ಇಂಟರ್ನೆಟ್ಟನ್ನು. ಕಾರಟಗಿಯ ಗುಮಾಸ್ತರ ತಲೆಯಲ್ಲಿರುವುದು ಅಲ್ಲಿ ಇಲ್ಲ. ಪ್ರಶ್ನೆ ಬಂದಾಗ ಉತ್ತರ ಕೊಡುವವನು ನಮ್ಮ ಹುಡುಗ. ಅವನು ಮಿಲ್‌ಗೆ ಹೋಗಿ ಕೇಳಿಕೊಂಡು ಬಂದರೆ ಸರಿ, ಕುರ್ಚಿಯಲ್ಲೇ ಕೂತು ಹೀಗಿರಬಹುದು ಅಂತ ಹೇಳಿದರೆ ಊಹೆ ಎಐ ಕೈಯಿಂದ ಅವನ ಕೈಗೆ ಬಂತು, ಅಷ್ಟೇ ಆದದ್ದು. "ನಾ ಹೋಗಿ ಕೇಳ್ಕೊಂಡ ಬರ್ತೀನಲ್ರಿ" ಅನ್ನುತ್ತಾನೆ. ನಿಜ, ಹೋಗುತ್ತಾನೆ. ಮುಂದೆ ಬರುವ ಹುಡುಗರು ಹೋಗುತ್ತಾರಾ ಅನ್ನುವುದು ನನ್ನ ಚಿಂತೆ, ಅವನಿಗೆ ಅದು ಚಿಂತೆಯೇ ಅಲ್ಲ.

ಸದ್ಯಕ್ಕೆ ಆಫೀಸಿನಲ್ಲಿ ಒಂದು ಒಪ್ಪಂದ ಆಗಿದೆ. ಕೋಡ್ ಯಾರು ಬೇಕಾದರೂ, ಯಾವುದು ಬೇಕಾದರೂ ಬರೆಯಲಿ. ಟೆಸ್ಟಿನ ಹಾಳೆಯಲ್ಲಿ ಬಲಗಡೆಯ ಉತ್ತರ ಮಾತ್ರ ಮಿಲ್‌ನವರ ಕೈಯಿಂದಲೇ ಬರಬೇಕು. ಎಡಗಡೆಯ ಪ್ರಶ್ನೆ ಎಐ ಕೇಳಿದರೂ ಅಡ್ಡಿಯಿಲ್ಲ. ಮುಂದಿನ ಭತ್ತದ ಸುಗ್ಗಿಗೆ ಖರೀದಿ ಭಾಗವನ್ನು ಹೊಸದಾಗಿ ಬರೆಯಬೇಕಿದೆ. ಅದನ್ನು ಅವನು ಅವನ ದಾರಿಯಲ್ಲಿ ಮಾಡುತ್ತಾನೆ. ಹಮಾಲಿ ಲೆಕ್ಕದ ಭಾಗ ನನ್ನದು, ನನ್ನ ದಾರಿಯಲ್ಲಿ. ಎರಡನ್ನೂ ಪರೀಕ್ಷೆ ಮಾಡುವುದು ಕಾರಟಗಿಯ ಅದೇ ಗುಮಾಸ್ತರು. ಯಾರದು ಯಾವುದು ಅಂತ ಅವರಿಗೆ ಹೇಳುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.